ಪದಚರ್ಚೆ: ಬಣ್ಣ ಆರಿತು, ಒಣಗಿತು. ಆಮೇಲೆ?

ಗೆಳೆಯರೇ,

ಮನೆಯಲ್ಲೇ ಸೈಕಲ್ ಫ್ರೇಮಿಗೆ ಹೊಸ ಬಣ್ಣ ಹೊಡೆಯುವುದು ಹೇಗೆ ಅಂತ ಕನ್ನಡದಲ್ಲಿ ಒಂದು ಪುಟ್ಟ ಕೈಪಿಡಿ ಬರೆಯುತ್ತಿದ್ದೇನೆ. ಹೆಚ್ಚಿನ ಪದಗಳು ತಾವಾಗಿಯೇ ಬಂದವು. ಒಂದು ಕಡೆ ಮಾತ್ರ ಗಾಡಿ ನಿಂತಿದೆ. ಇಂಗ್ಲಿಷಿನಲ್ಲಿ ‘ಕ್ಯೂರ್’ ಅನ್ನುತ್ತಾರಲ್ಲ, ಆ ಹಂತಕ್ಕೆ ನಾವು ಏನನ್ನೋಣ?

ವಿಷಯ ಏನೆಂದರೆ, ಸ್ಪ್ರೇ ಡಬ್ಬಿಯ ಎನಾಮೆಲ್ ಹೊಡೆದ ಮೇಲೆ ಎರಡು ಕೆಲಸ ನಡೆಯುತ್ತವೆ. ಬಣ್ಣವನ್ನು ತೆಳ್ಳಗೆ ಮಾಡಿದ್ದ ದ್ರಾವಕ ಮೊದಲು ಆವಿಯಾಗಿ ಹೋಗುತ್ತದೆ. ಇದು ಬೇಗ ಮುಗಿಯುತ್ತದೆ. ಸ್ವಲ್ಪ ಹೊತ್ತಿಗೆಲ್ಲ ಬೆರಳಿಟ್ಟರೆ ಅಂಟುವುದಿಲ್ಲ. ಆಮೇಲೆ ಉಳಿದ ರಾಳ ಗಾಳಿಯಲ್ಲಿನ ಆಮ್ಲಜನಕ ಹೀರಿಕೊಂಡು, ಒಳಗೊಳಗೇ ಹೆಣೆದುಕೊಂಡು ಗಟ್ಟಿಯಾಗುತ್ತದೆ. ಇದಕ್ಕೆ ದಿನಗಟ್ಟಲೆ ಬೇಕು. ದಪ್ಪಗೆ ಹೊಡೆದಿದ್ದರೆ, ಹವೆ ತಂಪಾಗಿದ್ದರೆ ವಾರಗಳೂ ಬೇಕು. ಎರಡೂ ಮುಗಿದ ಮೇಲೆಯೇ ಸೈಕಲ್ ಜೋಡಿಸಬೇಕು.

ನನಗೆ ಗೊತ್ತಿರುವ ಒಬ್ಬರು ‘ಒಣಗಿದ ಮೇಲೆ ಜೋಡಿಸಿ’ ಅಂತ ಎಲ್ಲೋ ಓದಿ, ಮುಟ್ಟಿ ನೋಡಿ, ಒಣಗಿದೆ ಅಂದುಕೊಂಡು ಮಾರನೆಯ ದಿನವೇ ಸೀಟಿನ ಕ್ಲ್ಯಾಂಪ್ ಬಿಗಿದರು. ಆಮೇಲೆ ಸಡಿಲಿಸಿದಾಗ ಬಣ್ಣ ಉಂಗುರದಂತೆ ಎದ್ದು ಕ್ಲ್ಯಾಂಪಿನ ಜೊತೆಗೇ ಬಂತು. ಕೆಳಗಿನ ಪ್ರೈಮರ್ ಬೂದು ಬಣ್ಣದಲ್ಲಿ ಹಾಗೇ ಇತ್ತು. ಓದಿದವರದು ತಪ್ಪಿಲ್ಲ, ಅಲ್ವಾ? ‘ಒಣಗಿದೆ’ ಅಂದರೆ ಯಾರಿಗಾದರೂ ಕೆಲಸ ಮುಗಿದಂತೆಯೇ ಕೇಳಿಸುತ್ತದೆ.

ಹಾಗಾಗಿ ಮೊದಲ ಹಂತಕ್ಕೆ ‘ಆರು’ ಇಟ್ಟುಕೊಂಡಿದ್ದೇನೆ. ಬಟ್ಟೆ ಆರುತ್ತದೆ, ಗಾಯ ಆರುತ್ತದೆ, ಭಯಕ್ಕೆ ಬಾಯಿಯ ಪಸೆ ಆರುತ್ತದೆ. ಎಲ್ಲದರಲ್ಲೂ ಮೇಲಿನ ತೇವ ಹೋಗುವ ಭಾವ ಇದೆ. ‘ಪಸೆ ಆರಿದೆ’ ಅಂದರೆ ಡಬ್ಬಿಯ ಮೇಲೆ ‘ಟಚ್ ಡ್ರೈ’ ಅಂತ ಬರೆದಿರುವುದೇ ಆಯಿತು. ಇದಕ್ಕೆ ಎದುರಾಗಿ ‘ಹಸಿ’ ಕೂಡ ನಮ್ಮಲ್ಲಿ ಬಲು ಹರಿತವಾದ ಪದ. ನೀರು ಇಲ್ಲದಿದ್ದರೂ ಹಸಿ ಇರಬಹುದು. ಹಸಿ ಸೌದೆ, ಹಸಿ ಇಟ್ಟಿಗೆ, ಹಸಿ ಬಾಣಂತಿ ಅನ್ನುತ್ತೇವೆ. ‘ಮೇಲೆ ಆರಿದೆ, ಒಳಗೆ ಇನ್ನೂ ಹಸಿ’ ಅಂದರೆ ಓದುವವನಿಗೆ ಬೇರೆ ವಿವರಣೆಯೇ ಬೇಡ.

ತೊಡಕು ಇರುವುದು ಆ ಹಸಿ ಹೋಗಿ ಗಟ್ಟಿಯಾಗುವ ಹಂತದಲ್ಲಿ.

‘ಕ್ಯೂರಿಂಗ್’ ಅಂತಲೇ ಬರೆಯಬಹುದಿತ್ತು. ಆದರೆ ಆ ಪದ ಕನ್ನಡಕ್ಕೆ ಬೇರೆ ಬಾಗಿಲಿನಿಂದ ಬಂದು ಆಗಲೇ ಕೂತಿದೆ. ಮನೆ ಕಟ್ಟುವಾಗ ‘ಕ್ಯೂರಿಂಗ್ ಮಾಡಿದ್ರಾ?’ ಅಂತ ಕೇಳಿದರೆ ಗೋಡೆಗೆ, ತಾರಸಿಗೆ ನೀರು ಹಾಕಿದ್ರಾ ಅಂತಲೇ ಅರ್ಥ. ಸಿಮೆಂಟು ಗಟ್ಟಿಯಾಗಲು ನೀರು ಬೇಕು, ಅದಕ್ಕೇ ಅದನ್ನು ಒಣಗಲು ಬಿಡುವುದಿಲ್ಲ. ಬಣ್ಣದ್ದು ತದ್ವಿರುದ್ಧ. ‘ಫ್ರೇಮನ್ನು ಒಂದು ವಾರ ಕ್ಯೂರಿಂಗ್ ಮಾಡಿ’ ಅಂತ ಬರೆದರೆ ಯಾರಾದರೂ ಬಕೆಟ್ ಹಿಡಿದು ನಿಂತಾರು.

ನನ್ನ ಒಲವು ‘ಬಲಿ’ ಧಾತುವಿನ ಕಡೆಗೆ. ಕಾಯಿ ಬಲಿಯುತ್ತದೆ, ಬಿದಿರು ಬಲಿಯುತ್ತದೆ, ರೆಕ್ಕೆ ಬಲಿಯುತ್ತದೆ. ಹೊರಗಿನಿಂದ ಏನೂ ಮಾಡದೆ, ಸುಮ್ನೆ ಕಾಲ ಕೊಟ್ಟರೆ ಒಳಗಿನಿಂದ ಗಟ್ಟಿಯಾಗುವುದು. ಬಣ್ಣದಲ್ಲಿ ನಡೆಯುವುದೂ ಅದೇ ತಾನೇ! ‘ಬಣ್ಣ ಆರಿದೆ, ಇನ್ನೂ ಬಲಿತಿಲ್ಲ’ ಅನ್ನುವ ವಾಕ್ಯ ನನ್ನ ಕಿವಿಗೆ ಹಿತವಾಗಿದೆ. ಗಟ್ಟಿಕಾರಕ ಬೆರೆಸಿ ಬಣ್ಣದ ಮೇಲೆ ಹೊಡೆಯುವ ಎರಡು ಭಾಗದ ಪಾರದರ್ಶಕ ಪದರಕ್ಕೂ, ಅಂದರೆ ಕ್ಲಿಯರ್ ಕೋಟಿಗೂ, ಒಪ್ಪುತ್ತದೆ. ಅದು ಗಾಳಿಗೆ ಕಾಯುವುದಿಲ್ಲ, ಬೆರೆಸಿದ ಕ್ಷಣದಿಂದಲೇ ಬಲಿಯತೊಡಗುತ್ತದೆ. (ಅದರಲ್ಲಿ ಐಸೋಸಯನೇಟ್ ಎಂಬ, ಉಸಿರಾಟಕ್ಕೆ ಅಪಾಯಕಾರಿಯಾದ ರಾಸಾಯನಿಕ ಇರುತ್ತದೆ. ಬಟ್ಟೆಯ ಮಾಸ್ಕ್ ಕಟ್ಟಿಕೊಂಡು ಮನೆಯೊಳಗೆ ಹೊಡೆಯುವ ಬಣ್ಣ ಅದಲ್ಲ. ಪದಚರ್ಚೆಯಾದರೂ ಇದನ್ನು ಹೇಳದೆ ಬಿಡಲಾರೆ.) ದ್ರಾವಕ ಹಾರಿದರೆ ಕೆಲಸ ಮುಗಿಯುವ ಲ್ಯಾಕರ್‌ಗೆ ಮಾತ್ರ ‘ಬಲಿ’ ಸರಿಹೊಂದುವುದಿಲ್ಲ. ಅದಕ್ಕೆ ‘ಒಣಗು’ ಸಾಕು.

‘ಬಲಿ’ಯ ಅಪಾಯವೂ ಗೊತ್ತಿದೆ. ‘ಬಣ್ಣ ಬಲಿಯಲಿ’ ಅನ್ನುವ ಬದಲು ಅಚ್ಚಿನಲ್ಲಿ ‘ಬಣ್ಣ ಬಲಿಯಾಗಲಿ’ ಅಂತಾದರೆ ಕೈಪಿಡಿಯ ಗತಿ ಮುಗಿಯಿತು.

‘ಮಾಗು’ ಅಂತ ಒಬ್ಬರು ಸೂಚಿಸಿದರು. ಚೆಂದದ ಪದ, ಆದರೆ ಮಾಗಿದ್ದು ಮೆತ್ತಗಾಗುತ್ತದೆ. ‘ಗಟ್ಟಿಯಾಗು’ ಸರಿ, ಆದರೆ ಅದು ಸಪ್ಪೆ, ಜೊತೆಗೆ ಡಬ್ಬಿಯೊಳಗೆ ಬಣ್ಣ ಗಟ್ಟಿಯಾಗುವುದಕ್ಕೂ ಅದನ್ನೇ ಬಳಸುತ್ತೇವೆ. ‘ಪಕ್ವಗೊಳ್ಳು’ ನನಗೆ ಬೇಡ.

ಈ ಭೇದಕ್ಕೆ ನಾನು ಇಷ್ಟು ಜಗ್ಗಾಡುವುದಕ್ಕೆ ಇನ್ನೊಂದು ಕಾರಣ ಇದೆ. ಎಷ್ಟೋ ಎನಾಮೆಲ್ ಡಬ್ಬಿಗಳ ಮೇಲೆ ‘ಮುಂದಿನ ಕೋಟನ್ನು 1 ಗಂಟೆಯೊಳಗೆ ಹೊಡೆಯಿರಿ, ಇಲ್ಲವೇ 48 ಗಂಟೆ ಬಿಟ್ಟು ಹೊಡೆಯಿರಿ’ ಎಂಬ ಬಗೆಯ ಸೂಚನೆ ಇರುತ್ತದೆ. ಗಂಟೆಗಳ ಲೆಕ್ಕ ಡಬ್ಬಿಯಿಂದ ಡಬ್ಬಿಗೆ ಬೇರೆ. ಓದಿದವರಿಗೆ ಇದು ವಿಚಿತ್ರ ಅನ್ನಿಸುತ್ತದೆ. ನಡುವೆ ಹೊಡೆದರೆ ಏನು ಕಷ್ಟ? ಕಷ್ಟ ಏನೆಂದರೆ, ಕೆಳಗಿನ ಕೋಟು ಪೂರ್ತಿ ಹಸಿಯಾಗಿದ್ದರೆ ಮೇಲಿನದು ಅದರಲ್ಲಿ ಬೆರೆತುಹೋಗುತ್ತದೆ. ಪೂರ್ತಿ ಬಲಿತಿದ್ದರೆ ಹೊಸ ದ್ರಾವಕವನ್ನು ತಡೆದುಕೊಳ್ಳುತ್ತದೆ. ಅರೆಬಲಿತಿದ್ದರೆ ಎರಡೂ ಆಗದೆ ಉಬ್ಬಿ, ಮುದುಡಿ, ಸುಕ್ಕುಗಟ್ಟುತ್ತದೆ. ‘ಅರೆಬಲಿತ’ ಅನ್ನುವ ಪದ ಕೈಗೆ ಸಿಕ್ಕಿದ ಮೇಲೆ ನನಗೆ ಈ ಪ್ಯಾರಾ ಬರೆಯುವುದು ಸಲೀಸಾಯಿತು. ‘ಅರೆಒಣಗಿದ’ ಅಂದಿದ್ದರೆ ಅರ್ಥವೇ ಆಗುತ್ತಿರಲಿಲ್ಲ.

ಬಲಿತಿದೆಯೋ ಇಲ್ಲವೋ ನೋಡಲು ಫ್ರೇಮಿನ ಅಡಿಯಲ್ಲಿ, ಪೆಡಲಿನ ಅಚ್ಚು ಕೂರುವ ಗುಂಡನೆಯ ಭಾಗದ ಕೆಳಗೆ, ಯಾರಿಗೂ ಕಾಣದ ಕಡೆ ಹೆಬ್ಬೆರಳ ಉಗುರು ಒತ್ತಿ ನೋಡುವುದುಂಟು. ಗೆರೆ ಉಳಿದರೆ ಬಲಿತಿಲ್ಲ. ಮೂಗು ಹತ್ತಿರ ತಂದರೆ ಇನ್ನೂ ಥಿನ್ನರ್ ವಾಸನೆ ಹೊಡೆಯುತ್ತಿದ್ದರೂ ಬಲಿತಿಲ್ಲ.

ಉಳಿದ ಕೆಲವು ಪದಗಳನ್ನೂ ಒಮ್ಮೆ ನೋಡಿಬಿಡಿ. ಕುಂಚವಾದರೆ ‘ಬಳಿ’ ಅಥವಾ ‘ಹಚ್ಚು’, ಸ್ಪ್ರೇ ಆದರೆ ‘ಹೊಡೆ’ ಅಂತ ಬೇರ್ಪಡಿಸಿದ್ದೇನೆ. ‘ಸಿಂಪಡಿಸು’ ಅಂದರೆ ಹನಿಹನಿಯಾಗಿ ಚಿಮುಕಿಸಿದಂತಾಗುತ್ತದೆ. ಇಲ್ಲಿ ಬೇಕಾದ್ದು ಒಂದೇ ಸಮನೆಯ ಮಂಜು. ಹಳೆಯ ಬಣ್ಣದ ಮೇಲೆ 320 ಅಥವಾ 400 ನಂಬರಿನ ಉಪ್ಪುಕಾಗದ ಆಡಿಸಿ ಹೊಳಪು ತೆಗೆಯುವುದಕ್ಕೆ ‘ಉಜ್ಜು’. ತುಕ್ಕು ಹಿಡಿದ ಕಡೆ ಲೋಹ ಕಾಣುವವರೆಗೆ ತೆಗೆಯುವುದಕ್ಕೆ ‘ಕೆರೆ’. ಇವೆರಡನ್ನು ಕಲಸಿದರೆ ಸುಮ್ಮನೆ ಇಡೀ ಫ್ರೇಮ್ ಕೆರೆದು ಕೂರುವವರಿದ್ದಾರೆ. ಹೊಸ ಬಣ್ಣ ಕಚ್ಚಿಕೊಳ್ಳಲು ಬೇಕಾದ ಒರಟಿಗೆ ‘ತರಿ’. ಒಂದೇ ಕಡೆ ಜಾಸ್ತಿ ಹೊಡೆದಾಗ ಬಣ್ಣ ‘ಇಳಿಯುತ್ತದೆ’. ಬಣ್ಣ ಪದರವಾಗಿ ಏಳುವುದು ‘ಹಕ್ಕಳೆ’. ಪ್ರೈಮರ್ ಪ್ರೈಮರ್ ಆಗಿಯೇ ಇರಲಿ. ‘ತಳಬಣ್ಣ’ ಅಂದರೆ ಅದೂ ಒಂದು ಬಣ್ಣ ಅಂದುಕೊಂಡಾರು, ಅದರ ಕೆಲಸ ಅಂಟು ಕೊಡುವುದು.

ಶೀರ್ಷಿಕೆಗೆ ‘ಸೈಕಲ್ ಬಣ್ಣ ಬದಲಿಸುವುದು’ ಅಂತ ಇಟ್ಟಿದ್ದೆ. ಓದಿದವರಿಗೆ ಗೋಸುಂಬೆ ನೆನಪಾಯಿತಂತೆ, ತೆಗೆದೆ.

ಈಗ ನನ್ನ ಪ್ರಶ್ನೆ. ಬಣ್ಣ, ವಾರ್ನಿಷ್, ಅಂಟು ಇವುಗಳ ಜೊತೆ ದಿನವೂ ಕೆಲಸ ಮಾಡುವವರ ಬಾಯಲ್ಲಿ ‘ಬಲಿ’ಯನ್ನು ಈ ಅರ್ಥದಲ್ಲಿ ಕೇಳಿದ್ದೀರಾ? ಅಥವಾ ಅವರು ‘ಹಿಡಿ’, ‘ಕೂರು’, ‘ಸೆಟ್ ಆಗು’ ಅನ್ನುತ್ತಾರಾ? ‘ಸೆಟ್ ಆಗು’ ಆಡುಮಾತಿನಲ್ಲಿ ಜಾಸ್ತಿ ಅಂತ ಬಲ್ಲೆ, ಆದರೆ ಅದು ಆರುವುದಕ್ಕೂ ಬಲಿಯುವುದಕ್ಕೂ ಎರಡಕ್ಕೂ ನಡೆಯುತ್ತದೆ. ನನಗೆ ಎರಡನೆಯದಕ್ಕೆ ಮಾತ್ರ ಮೀಸಲಾದ ಪದ ಬೇಕು. ಕೇಳಿದ್ದರೆ ಯಾವ ಕಸುಬಿನವರಿಂದ ಕೇಳಿದ್ದು ಅನ್ನುವುದನ್ನೂ ತಿಳಿಸಿ. ಮರಗೆಲಸದವರದು ಬೇರೆ ಇರಬಹುದು, ಲೋಹದ ಮೇಲೆ ಬಣ್ಣ ಹೊಡೆಯುವವರದು ಬೇರೆ.