ಅಪ್‌ಡೇಟ್: ಜುಲೈ ಕರಾವಳಿ ಟ್ರಿಪ್ ಆಯ್ತು, ದ್ವೀಪ ಮಾತ್ರ ಬಾಕಿ

ಜುಲೈನಲ್ಲಿ ಗೆಳೆಯರೆಲ್ಲ ಸೇರಿ ಮಲ್ಪೆಯಿಂದ ಸೇಂಟ್ ಮೇರೀಸ್, ಮುರುಡೇಶ್ವರದಿಂದ ನೇತ್ರಾಣಿ ನೋಡಬಹುದಾ ಅಂತ ಕೇಳಿದ್ದೆ ಅಲ್ವಾ? ಮಳೆಗಾಲದಲ್ಲಿ ಪ್ರವಾಸಿ ಬೋಟ್ ಬಿಡುವುದಿಲ್ಲ ಅಂತ ತುಂಬಾ ಜನ ಹೇಳಿದಿರಿ. ಹಾಗಾಗಿ ದ್ವೀಪಗಳನ್ನು ಅಕ್ಟೋಬರ್ ನಂತರಕ್ಕೆ ತಳ್ಳಿ, ಈಗ ದಡದಲ್ಲೇ ಸುತ್ತಿ ಬಂದೆವು.

ಮರವಂತೆಯೇ ಬೆಸ್ಟ್. ಹೆದ್ದಾರಿ 66ರ ಒಂದು ಕಡೆ ಅಬ್ಬರಿಸುವ ಕಡಲು, ಇನ್ನೊಂದು ಕಡೆ ತುಂಬಿದ ಸೌಪರ್ಣಿಕಾ ನದಿ, ನಡುವೆ ನಾವು ಕೊಡೆ ಹಿಡಿಯಲಾಗದೆ ಸುಮ್ನೆ ನೆನೆಯುತ್ತಾ ಗಂಟೆಗಟ್ಟಲೆ ನಿಂತಿದ್ದೆವು. ನೀರಿಗೆ ಮಾತ್ರ ಇಳಿಯಲಿಲ್ಲ, ನೀವೂ ಇಳಿಯಬೇಡಿ, ಈ ತಿಂಗಳಲ್ಲಿ ಸೆಳೆತ ವಿಪರೀತ. ಮುರುಡೇಶ್ವರದಲ್ಲಿ ಗೋಪುರದ ಲಿಫ್ಟ್ ಹತ್ತಿದೆವು, ಮೋಡ ಬಿಟ್ಟರೆ ಏನೂ ಕಾಣಲಿಲ್ಲ.

ರೂಮು ಅಗ್ಗ, ಚೌಕಾಶಿ ಮಾಡಿದರೆ ಇನ್ನೂ ಇಳಿಯುತ್ತದೆ. ಆದರೆ ಮೀನು ತಿನ್ನಲೆಂದೇ ಹೋಗುವವರಿಗೆ ಒಂದು ಮಾತು: ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ, ತಾಜಾ ಮೀನು ಕಡಿಮೆ, ರೇಟೂ ಜಾಸ್ತಿ. ನಮ್ಮ ಗುಂಪಿನ ಬಂಗುಡೆ ಪ್ರಿಯ ಇನ್ನೂ ಗೊಣಗುತ್ತಿದ್ದಾನೆ.

ನೇತ್ರಾಣಿಯಲ್ಲಿ ಸ್ಕೂಬಾ ಮಾಡಿದವರು ಯಾರಾದರೂ ಇದ್ದರೆ ಹೇಳಿ, ಈಜು ಬಾರದವರನ್ನೂ ಕರೆದುಕೊಂಡು ಹೋಗಬಹುದಾ?