ಪದಚರ್ಚೆ: ಬಂದೂಕಿನ ನಳಿಗೆಗೆ 'ದಾರ' ಹಾಕಿಸಬಹುದೇ?

ಎಲ್ಲರಿಗೂ ಕಲಬುರಗಿಯಿಂದ ಶರಣು.

ಅಮೆರಿಕದ ಬೇಟೆಗಾರನೊಬ್ಬನ ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ರೈಫಲ್ ಬಂದ ಹಾಗೇ ಇರಲಿಯೋ, ನಳಿಗೆಯ ತುದಿ ಥ್ರೆಡ್ ಮಾಡಿಸಿ (ಬೋಲ್ಟಿಗಿರುವಂಥ ಸುತ್ತುಗೀರು ಕೊರೆಸಿ) ಹಿಂದೊದೆತ ತಗ್ಗಿಸುವ ಮಜಲ್ ಬ್ರೇಕ್ ಕೂರಿಸಲೋ ಅನ್ನುವುದು ಅವನ ತಲೆಬಿಸಿ. ನನ್ನ ತಲೆಬಿಸಿ ಆ 'ಥ್ರೆಡ್'. ಮೊದಲ ಕರಡಿನಲ್ಲಿ 'ನಳಿಗೆಗೆ ದಾರ ಹಾಕಿಸಲೇ' ಎಂದು ಬರೆದಿದ್ದೆ. ಓದಿದ ತಂಗಿ, "ಯಾಕ, ದೃಷ್ಟಿ ಆಗ್ತದೇನು?" ಅಂದಳು. ಕಾರ್ಖಾನೆಯಿಂದ ಬಂದ ಹಾಗೇ ಇರುವ ನಳಿಗೆಗೆ ಬರೆದಿದ್ದ 'ಕಾರ್ಖಾನೆಯ ನಳಿಗೆ'ಯೂ ಹೊಗೆಕೊಳವೆಯಂತೆ ಕೇಳಿದ್ದರಿಂದ 'ಕಂಪನಿ ನಳಿಗೆ' ಮಾಡಿದೆ.

ಕೊನೆಗೆ ಕಪನೂರಿನ ಲೇತ್ ಅಂಗಡಿಯೊಂದರ ಉಸ್ತಾದರನ್ನು ಕೇಳಿದೆ. ಎಣ್ಣೆಗೈಯಲ್ಲೇ ಒಂದು ಬೋಲ್ಟ್ ಎತ್ತಿ ಉಗುರಿನಿಂದ ಕರ್ರನೆ ಗೀರಿದರು. "ಇವಕ್ಕ ಚೂಡಿ ಅಂತಾರ್ರಿ. ಬಳಿ ಇಟ್ಟಂಗ ಕಾಣಸ್ತಾವಲ್ಲ." ಉರ್ದುವಿನಲ್ಲಿ ಚೂಡಿ ಅಂದರೆ ಬಳೆಯೇ. "ಬಂದೂಕಿಂದು ಹೊರಮೈ ಹಿಡದು ಹೊಡದ್ರ ಆಗಂಗಿಲ್ಲ, ಒಳಗಿನ ತೂತಿಗಿ ಸೆಂಟರ್ ಹಿಡೀಬೇಕು. ಮುಂದ ಹಾಕಿದ್ದು ಸೊಟ್ಟ ಕುಂತ್ರ ಗುಂಡು ಅದಕ್ಕೇ ತಾಗ್ತದ." ಬೇಟೆಗಾರ ಒಂದು ಪುಟ ಬರೆದದ್ದೂ ಇದನ್ನೇ. (ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ಬಂದೂಕಿನ ರಿಪೇರಿಯನ್ನೂ ಮಾಡುವಂತಿಲ್ಲ; ಪಾಠವೆಲ್ಲ ಬೋಲ್ಟಿನ ಮೇಲೇ ಮುಗಿಯಿತು.)

ಮೂಲದಲ್ಲಿ '1/2-28' ಎಂದಿದೆ. ಅರ್ಧ ಇಂಚು ವ್ಯಾಸ, ಇಂಚಿಗೆ 28 ಚೂಡಿ. ಒಂದರಿಂದ ಇನ್ನೊಂದಕ್ಕೆ ಒಂದು ಮಿಲಿಮೀಟರೂ ಇಲ್ಲ. ಉಸ್ತಾದರ ಬಾಯಲ್ಲಿ ಅದು 'ಬಾರೀಕ ಚೂಡಿ'. ಹಾಗೇ ಇಟ್ಟುಕೊಂಡೆ.

ಆದರೆ ರೈಫಲ್‌ಗೆ ಆ ಹೆಸರು ಬಂದದ್ದೇ ನಳಿಗೆಯ ಒಳಗೋಡೆಯ ಸುರುಳಿ ಗೀರುಗಳಿಂದ. ಗುಂಡನ್ನು ಗಿರ್ರನೆ ತಿರುಗಿಸಿ ಕಳಿಸುವುದು ಅವು. ಬರೀ 'ನಳಿಗೆಗೆ ಚೂಡಿ' ಎಂದರೆ ಓದುವವರ ಕಣ್ಣು ಒಳಗೆ ಹೋಗುತ್ತದೆ. ಅದಕ್ಕೇ 'ನಳಿಗೆಯ ಬಾಯಿಗೆ ಹೊರಗಡೆ ಚೂಡಿ ಹೊಡೆಸುವುದು' ಎಂದು ಬರೆದಿದ್ದೇನೆ. ಉದ್ದವಾಯಿತು, ಇರಲಿ.

ಮಂಗಳೂರಿನವರಿಗೆ ಶ್ರಾವಣದ ಚೂಡಿ ಪೂಜೆಯ ಹೂ-ಗರಿಕೆಯ ಕಟ್ಟು ನೆನಪಾದೀತು, ಮೈಸೂರಿನವರಿಗೆ ಏನೂ ನೆನಪಾಗಲಿಕ್ಕಿಲ್ಲ. ನಟ್ಟು ಎಷ್ಟು ತಿರುಗಿಸಿದರೂ ಬಿಗಿಯಾಗದಿದ್ದರೆ ನಾವು 'ಚೂಡಿ ಹೋಗ್ಯಾವ' ಅನ್ನುತ್ತೇವೆ. ನಿಮ್ಮೂರ ಲೇತ್ ಅಂಗಡಿಯಲ್ಲಿ ಏನನ್ನುತ್ತಾರೆ?

ಇನ್ನೊಂದು: ಚೂಡಿ ಹೊಡೆದ ಮೇಲೆ, ಗುಂಡು ಹೊರಬೀಳುವ ಅಂಚನ್ನು ಮತ್ತೆ ಸಮನಾಗಿ ಕೊರೆಯುತ್ತಾರೆ. ಆ ಅಂಚಿಗೆ ಇಂಗ್ಲಿಷಿನಲ್ಲಿ 'ಕ್ರೌನ್' ಅನ್ನುತ್ತಾರೆ. 'ಕಿರೀಟ' ಬರೆಯಲು ಕೈ ಬರುತ್ತಿಲ್ಲ. 'ಬಾಯಂಚು' ನಡೆದೀತೇ?