ತಲೆಗೆ ಪೆಟ್ಟು, ನಿದ್ದೆ, ಫಿಟ್ಸ್: ‘ಮಂಪರು’ ಒಂದೇ ಸಾಕೇ?

ಗೆಳೆಯರೇ,

ತಲೆಗೆ ಪೆಟ್ಟಾದವರನ್ನು ಮನೆಯಲ್ಲಿ ನೋಡಿಕೊಳ್ಳುವವರಿಗಾಗಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ನಿದ್ದೆಗೂ ಫಿಟ್ಸಿಗೂ ಇರುವ ನಂಟಿನ ಭಾಗದಲ್ಲಿ ಪದಗಳಿಗೆ ತಡಕಾಡುವಂತಾಗಿದೆ.

ಕಾಯಿಲೆಯ ಹೆಸರಿನ ಬಗ್ಗೆ ಜಾಸ್ತಿ ಜಗ್ಗಾಟ ಬೇಡ. ‘ಅಪಸ್ಮಾರ’ ನಿಘಂಟಿನಲ್ಲೇ ಇರಲಿ. ಒಂದು ಸಲ ಬರುವುದಕ್ಕೆ ‘ಫಿಟ್ಸ್’, ಪದೇ ಪದೇ ಬರುವ ಕಾಯಿಲೆಗೆ ‘ಮೂರ್ಛೆ ರೋಗ’ ಎಂದು ಇಟ್ಟುಕೊಂಡಿದ್ದೇನೆ. ಈ ಭೇದ ಬೇಕೇ ಬೇಕು. ಪೆಟ್ಟಾದ ಮೊದಲ 7 ದಿನದೊಳಗೆ ಫಿಟ್ಸ್ ಬಂದರೆ ಅಷ್ಟಕ್ಕೇ ಅದನ್ನು ಮೂರ್ಛೆ ರೋಗ ಎನ್ನುವುದಿಲ್ಲ. ಒಂದು ಸಲದ್ದನ್ನು ಬರೀ ‘ಮೂರ್ಛೆ’ ಎನ್ನಲೂ ಆಗದು: ಎಚ್ಚರ ತಪ್ಪದೆ, ಒಂದು ಕೈ ಮಾತ್ರ ಅದುರಿ ನಿಲ್ಲುವ ಫಿಟ್ಸೂ ಉಂಟು. ಇನ್ನು ನಿದ್ದೆಯಲ್ಲಿದ್ದವನನ್ನು ‘ಮೂರ್ಛೆ ಹೋದ’ ಅನ್ನೋದು ಹೇಗೆ?

ಮೊದಲ ತೊಡಕು ‘ನಿದ್ದೆಗೆಡು’. “ನಿದ್ದೆಗೆಟ್ಟರೆ ಫಿಟ್ಸ್ ಬರಬಹುದು” ಎಂದು ಬರೆದರೆ ರಾತ್ರಿ ಮಲಗದೆ ಕೂರುವುದು ಎಂದೇ ಓದುತ್ತಾರೆ. ಮಲಗಿದ ಮೇಲೂ ಮತ್ತೆ ಮತ್ತೆ ಎಚ್ಚರವಾಗುವುದು ಮಿದುಳಿಗೆ ಪೆಟ್ಟಾದವರಲ್ಲಿ ಸಾಮಾನ್ಯ. ಅದೂ ಇದರೊಳಗೆ ಬರಬೇಕು. ‘ತುಂಡು ನಿದ್ದೆ’ ಅಂದರೆ ತಿಳಿಯುತ್ತದಾ?

ದೊಡ್ಡ ತೊಡಕು ‘ಮಂಪರು’. ರಾತ್ರಿ ನಿದ್ದೆಯಲ್ಲೇ ಫಿಟ್ಸ್ ಬಂದು ಹೋಗಿರುತ್ತದೆ, ಯಾರೂ ನೋಡಿರುವುದಿಲ್ಲ. ಬೆಳಗ್ಗೆ ನಾಲಿಗೆಯ ಅಂಚು ಕಚ್ಚಿ ಗಾಯವಾಗಿರುತ್ತದೆ, ದಿಂಬಿನ ಮೇಲೆ ರಕ್ತದ ಕಲೆ, ಮೈಕೈ ನೋವು, ಕೆಲವೊಮ್ಮೆ ಹಾಸಿಗೆ ಒದ್ದೆ. ಎಬ್ಬಿಸಿದರೆ ಏನೋ ಒಂದು ಉತ್ತರ ಕೊಟ್ಟು ಮತ್ತೆ ಒರಗುತ್ತಾರೆ. ಮನೆಯವರು “ಮಂಪರು, ಸರಿಯಾಗಿ ನಿದ್ದೆ ಆಗಿಲ್ಲ” ಎಂದು ಸುಮ್ಮನಾಗುತ್ತಾರೆ. ನಿದ್ದೆ ಸಾಲದೆ ಹಗಲು ಕಣ್ಣು ಎಳೆಯುವುದೂ ಮಂಪರೇ. ಫಿಟ್ಸಿನ ಮಾತ್ರೆಯಿಂದ ಆಗುವುದೂ ಮಂಪರೇ! ಡಾಕ್ಟರು “ಮಂಪರು ಇತ್ತಾ?” ಅಂತ ಕೇಳಿದರೆ ಮೂರಕ್ಕೂ “ಹೌದು” ಒಂದೇ ಉತ್ತರ. ಆದರೆ ಮೂರಕ್ಕೂ ಮಾಡಬೇಕಾದ್ದು ಬೇರೆ ಬೇರೆ ಅಲ್ವಾ?

ಫಿಟ್ಸ್ ಆದಮೇಲಿನದಕ್ಕೆ ‘ಮಬ್ಬು’ ಇರಲಿ ಅನ್ನಿಸುತ್ತದೆ. ಅಲ್ಲಿ ನಿದ್ದೆಯ ಜೊತೆ ಗಲಿಬಿಲಿಯೂ ಇರುತ್ತದೆ. ನಿದ್ದೆ ಸಾಲದ್ದಕ್ಕೆ ‘ತೂಕಡಿಕೆ’ ಸರಿ. ಮಾತ್ರೆಯದಕ್ಕೆ ‘ಅಮಲು’ ಬೇಡವೇ ಬೇಡ, ಓದಿದವರು ಹೆದರಿ ಮಾತ್ರೆ ಬಿಟ್ಟಾರು. ತಟ್ಟನೆ ಬಿಟ್ಟರೆ ಫಿಟ್ಸ್ ಜೋರಾಗಿ ಬರಬಹುದು. ‘ಜೊಂಪು’ ಹೊಂದುತ್ತದಾ, ಇಲ್ಲ ಅದು ತೀರಾ ಹಿತವಾಗಿ ಕೇಳುತ್ತದಾ?

ಇನ್ನೊಂದು ಸಣ್ಣ ಪ್ರಶ್ನೆ. ನಿದ್ದೆಯಲ್ಲಿ ಬರುವ ಫಿಟ್ಸ್ ಹೆಚ್ಚಾಗಿ ಕಣ್ಣುಗುಡ್ಡೆ ಸರಸರ ಓಡಾಡದ ಹಂತಗಳಲ್ಲಿ ಬರುತ್ತದೆ. ಕಣ್ಣುಗುಡ್ಡೆ ಸರಸರ ಓಡಾಡುವ ಹಂತದಲ್ಲಿ ತೀರಾ ಕಡಿಮೆ. ಆ ಹಂತಕ್ಕೆ ‘ಕನಸಿನ ನಿದ್ದೆ’ ಅಂದರೆ ಸಾಕೇ? ಕನಸು ಬೇರೆ ಹಂತಗಳಲ್ಲೂ ಬೀಳುತ್ತದೆ ಎಂಬುದೊಂದು ತಕರಾರು ನನಗಿದೆ.